ಶ್ರೀಗಂಧ, ಹೆಬ್ಬೇವು: ಒಂದೇ ಹೊಲ, ಎರಡು ಬಗೆಯ ಆರೈಕೆ

ಗಂಧದ ಸಸಿ ಮೊದಲ ವರ್ಷ ಚೆನ್ನಾಗಿ ಚಿಗುರುತ್ತದೆ, ಎರಡನೇ ವರ್ಷ ಹಳದಿಯಾಗಿ ನಿಂತುಬಿಡುತ್ತದೆ. ಹೆಬ್ಬೇವು ಆರಡಿ ಎತ್ತರಕ್ಕೇ ಕವಲೊಡೆದು ಗಿಡ್ಡವಾಗಿ ಹರಡಿಕೊಳ್ಳುತ್ತದೆ. ಈ ಎರಡು ದೂರು ಪದೇ ಪದೇ ಬರುತ್ತಲೇ ಇವೆ. ಹೆಚ್ಚಿನ ಕಡೆ ಕಾರಣ ಒಂದೇ. ಎರಡೂ ಸಸಿಗಳನ್ನು ಒಂದೇ ದಿನ ತಂದು, ಒಂದೇ ಅಳತೆಯ ಗುಂಡಿಗೆ ಹಾಕಿ, ಒಂದೇ ಡ್ರಿಪ್ ಲೈನಿನಲ್ಲಿ ನೀರು ಕೊಟ್ಟು, ಒಂದೇ ಥರ ಸವರುತ್ತಾರೆ. ಒಂದಕ್ಕೆ ಮಾಡಬೇಕಾದದ್ದನ್ನು ಇನ್ನೊಂದಕ್ಕೆ ಮಾಡಿದರೆ ಎರಡೂ ಕೆಡುತ್ತವೆ.

ಗಂಧಕ್ಕೆ ಬೇಕಾದದ್ದು ಪಕ್ಕದಲ್ಲೊಂದು ಜೊತೆ ಗಿಡ, ಅಂದರೆ ಬೇರಿಗೆ ಬೇರು ಅಂಟಿಸಿ ನೀರು, ಲವಣ ಎಳೆದುಕೊಳ್ಳಲು ಒಂದು ಆಸರೆ. ಅದು ಸಿಕ್ಕ ಮೇಲೆ ನೀವು ಕೈ ಹಾಕಿದಷ್ಟೂ ನಷ್ಟ. ಹೆಬ್ಬೇವಿಗೆ ಬೇಕಾದದ್ದು ಬಿಸಿಲು, ಆಳದ ಮಣ್ಣು, ಮೊದಲ ಮೂರು ವರ್ಷ ನಿಮ್ಮ ಕೈ. ಈ ವ್ಯತ್ಯಾಸ ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಿ.

## ಶುರು ಮಾಡುವ ಮುಂಚೆ: ಯಾವ ಮರ ಏನು ಕೊಡುತ್ತದೆ

ಶ್ರೀಗಂಧದ ಬೆಲೆ ಇರುವುದು ಚೇಗಿನಲ್ಲಿ (ಕಾಂಡದ ಒಳಗಿನ ಗಟ್ಟಿ ತಿರುಳು ಮರ) ಮತ್ತು ಬೇರಿನಲ್ಲಿ. ಎಣ್ಣೆ ಇರುವುದೂ ಅಲ್ಲೇ. ಹೊರಗಿನ ಬಿಳಿ ಮರಕ್ಕೆ ವಾಸನೆ ಇಲ್ಲ, ಬೆಲೆಯೂ ಕಡಿಮೆ. ಚೇಗು ಕಟ್ಟಲು ಶುರುವಾಗುವುದೇ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನಲ್ಲಿ. ಕಡಿಯಲು ಯೋಗ್ಯ ಆಗುವುದಕ್ಕೆ ಹದಿನೈದರಿಂದ ಇಪ್ಪತ್ತು ವರ್ಷ, ಕೆಲವು ಕಡೆ ಇನ್ನೂ ಜಾಸ್ತಿ ಬೇಕು. ಒಂದೇ ದಿನ ನೆಟ್ಟ ಎರಡು ಮರಗಳಲ್ಲೂ ಚೇಗು ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಹನ್ನೆರಡು ವರ್ಷಕ್ಕೆ ಎಕರೆಗೆ ಇಷ್ಟು ಕೋಟಿ ಅಂತ ಯಾರಾದರೂ ಲೆಕ್ಕ ಬರೆದುಕೊಟ್ಟರೆ ನಂಬಬೇಡಿ.

ಹೆಬ್ಬೇವು ಆರರಿಂದ ಎಂಟು ವರ್ಷಕ್ಕೆ ಕಟಾವಿಗೆ ಬರುತ್ತದೆ. ಪ್ಲೈವುಡ್ಡಿನ ಹಾಳೆ, ಬೆಂಕಿಕಡ್ಡಿ, ಪ್ಯಾಕಿಂಗ್ ಪೆಟ್ಟಿಗೆ, ಕಾಗದದ ತಿರುಳು ಇದರ ಮುಖ್ಯ ಉಪಯೋಗ. ಮರ ಹಗುರ. ಮಳೆ ಬಿಸಿಲಿಗೆ ನಿಲ್ಲುವ ಬಾಗಿಲು ಚೌಕಟ್ಟಿಗೆ ಇದನ್ನು ನೆಚ್ಚಿಕೊಳ್ಳಬೇಡಿ. ಸೊಪ್ಪನ್ನು ಆಡು, ಕುರಿ ತಿನ್ನುತ್ತವೆ. ಹಾಗಾಗಿ ಎಳೆ ಸಸಿಗೆ ಬೇಲಿ ಬೇಕೇ ಬೇಕು.

## ಹಂತ 1: ಮಣ್ಣು ನೋಡಿ

ಗಂಧಕ್ಕೆ ನೀರು ಬಸಿದು ಹೋಗುವ ಕೆಂಪು ಮಣ್ಣು ಹೇಳಿಮಾಡಿಸಿದ ಜಾಗ. ಸ್ವಲ್ಪ ಗೊರಚಲು ಇದ್ದರೂ ನಡೆಯುತ್ತದೆ. ತುಮಕೂರು, ಕೋಲಾರ, ಚಿತ್ರದುರ್ಗ, ಮೈಸೂರು ಕಡೆಯ ಕೆಂಪು ನೆಲದ ಬೇಲಿಗಳಲ್ಲಿ ಅದು ತಾನಾಗಿ ಹುಟ್ಟುತ್ತದೆ. ನೀರು ನಿಲ್ಲುವ ಎರೆ ಮಣ್ಣಿನಲ್ಲಿ ಬೇರು ಕೊಳೆಯುತ್ತದೆ. ಮಳೆ ಜಾಸ್ತಿ ಇರುವ ಮಲೆನಾಡಿನಲ್ಲಿ ಮರ ಸೊಂಪಾಗಿ ಬೆಳೆಯುತ್ತದೆ, ಆದರೆ ಚೇಗು ಅಷ್ಟಾಗಿ ಕಟ್ಟುವುದಿಲ್ಲ. ಬೆಳವಣಿಗೆ ಜೋರಾಗಿದೆ ಅಂದ ಮಾತ್ರಕ್ಕೆ ಆದಾಯ ಜೋರು ಅಂತ ಅಲ್ಲ.

ಹೆಬ್ಬೇವಿಗೆ ಮಣ್ಣಿನ ಆಳ ಮುಖ್ಯ. ಎರಡಡಿ ಕೆಳಗೆ ಬಂಡೆ ಅಥವಾ ಗಟ್ಟಿ ಗೊರಚು ಸಿಕ್ಕಿದರೆ ಮರ ಮೂರನೇ ವರ್ಷದ ಹೊತ್ತಿಗೆ ಮೊಂಡಾಗುತ್ತದೆ. ಇದೂ ನಿಂತ ನೀರನ್ನು ತಡೆದುಕೊಳ್ಳುವುದಿಲ್ಲ.

ಪರೀಕ್ಷೆ ಸುಲಭ. ಹೊಲದ ಮೂರ್ನಾಲ್ಕು ಕಡೆ ಎರಡಡಿ ಗುಂಡಿ ತೆಗೆಯಿರಿ. ತುಂಬ ನೀರು ಹಾಕಿ ಇಂಗಲು ಬಿಡಿ. ಸಂಜೆ ಮತ್ತೆ ತುಂಬಿಸಿ. ಬೆಳಿಗ್ಗೆ ಹೋಗಿ ನೋಡಿದಾಗ ನೀರು ಹಾಗೇ ನಿಂತಿದ್ದರೆ ಆ ಜಾಗಕ್ಕೆ ಎರಡೂ ಬೇಡ. ಅಲ್ಲಿ ಹೊಂಗೆ ಹಾಕಿ.

## ಹಂತ 2: ಸಸಿ ಆರಿಸಿ

ಗಂಧದ ಸಸಿ ಆರರಿಂದ ಎಂಟು ತಿಂಗಳಿನದ್ದಾಗಿರಲಿ. ಒಂದಡಿ ಎತ್ತರ, ಬುಡದ ಕಾಂಡ ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗಿರಬೇಕು. ಚೀಲದಲ್ಲೇ ಜೊತೆ ಗಿಡ ಇದೆಯಾ ನೋಡಿ. ಒಳ್ಳೆಯ ನರ್ಸರಿಯವರು ಹೊನಗೊನ್ನೆ ಸೊಪ್ಪು ಅಥವಾ ತೊಗರಿಯನ್ನು ಸಸಿಯ ಪಕ್ಕದಲ್ಲೇ ಬೆಳೆಸಿರುತ್ತಾರೆ. ಅದನ್ನು ಕಳೆ ಅಂದುಕೊಂಡು ಕಿತ್ತು ಬಿಸಾಡಬೇಡಿ. ಮೂರಡಿ ಎತ್ತರದ ಗಂಧದ ಸಸಿ ಚಿಕ್ಕ ಚೀಲದಲ್ಲಿ ಇದ್ದರೆ ಬೇರು ಸುತ್ತಿಕೊಂಡಿರುತ್ತದೆ, ಅಂಥದ್ದನ್ನು ಬಿಡಿ.

ಹೆಬ್ಬೇವಿನಲ್ಲಿ ಮೋಸ ಹೋಗುವುದು ಜಾತಿಯ ವಿಷಯದಲ್ಲಿ. ಹುಚ್ಚು ಬೇವಿನ ಸಸಿಯನ್ನು ಹೆಬ್ಬೇವು ಅಂತ ಮಾರುವುದುಂಟು. ಸಸಿ ಹಂತದಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಆದ್ದರಿಂದ ತಾಯಿ ಮರ ತೋರಿಸಿ ಅಂತ ಕೇಳಿ. ಹೆಬ್ಬೇವಿನ ಬೊಡ್ಡೆ ನೆಟ್ಟಗೆ ಎತ್ತರಕ್ಕೆ ಹೋಗಿರುತ್ತದೆ, ಹೂವು ಬಿಳಿ ಹಸಿರು ಛಾಯೆಯದು, ಕಾಯಿ ದಪ್ಪ, ಮೊಟ್ಟೆಯಾಕಾರ. ಹುಚ್ಚು ಬೇವಿನ ಹೂವು ತಿಳಿ ನೇರಳೆ, ಕಾಯಿ ಸಣ್ಣ ಗುಂಡು, ಮರ ಬೇಗ ಕವಲೊಡೆಯುತ್ತದೆ.

ಹೆಬ್ಬೇವಿನ ಬೀಜವನ್ನು ಮನೆಯಲ್ಲೇ ಮೊಳಕೆ ಬರಿಸುವ ಆಸೆ ಇದ್ದರೆ ತಾಳ್ಮೆ ಬೇಕು. ಓಟೆ ಕಲ್ಲಿನ ಹಾಗೆ ಗಟ್ಟಿ. ಸಗಣಿ ಬಗ್ಗಡದಲ್ಲಿ ಒಂದು ವಾರ ನೆನೆಸಿ, ಬಿಸಿಲು ಬೀಳುವ ಏರು ಮಡಿಯಲ್ಲಿ ಹಾಕಿದರೂ ಕಾಲು ಭಾಗ ಮೊಳೆತರೆ ಹೆಚ್ಚು. ಮೊದಲ ಸಲ ಬೆಳೆಸುವವರು ಅರಣ್ಯ ಇಲಾಖೆಯ ನರ್ಸರಿಯಿಂದ ಸಸಿ ತರುವುದೇ ಲೇಸು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ಬರೆಸಿದರೆ ಸಸಿ ರಿಯಾಯಿತಿ ದರಕ್ಕೆ ಸಿಗುತ್ತದೆ. ಬದುಕಿ ಉಳಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನವೂ ಉಂಟು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಮಳೆಗಾಲಕ್ಕೆ ಮುಂಚೆಯೇ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ.

## ಹಂತ 3: ನಕ್ಷೆ ಮತ್ತು ಗುಂಡಿ

ಬೇಕಾಗುವ ಸಾಮಾನು: ಅಳತೆ ಟೇಪು, ಹಗ್ಗ, ಸುಣ್ಣದ ಪುಡಿ, ಹಾರೆ, ಪಿಕಾಸಿ, ಸನಿಕೆ, ಬಿದಿರು ಕೋಲು, ಹರಿತವಾದ ಸೆಕೆಟರ್ ಕತ್ತರಿ, ಕೈಗರಗಸ, ಮೈಲುತುತ್ತ ಮತ್ತು ಸುಣ್ಣ. ಕತ್ತರಿಗೆ ದುಡ್ಡು ಉಳಿಸಬೇಡಿ. ಮೊಂಡು ಕತ್ತರಿ ತೊಗಟೆ ಸೀಳುತ್ತದೆ, ಸೀಳಿದ ಜಾಗದಿಂದ ಹುಳ ಒಳಗೆ ಹೋಗುತ್ತದೆ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಎರಡನ್ನೂ ಸಾಲು ಬಿಟ್ಟು ಸಾಲು ಒಟ್ಟಿಗೇ ಹಾಕಬಹುದಾ? ಹೆಬ್ಬೇವಿನ ಬೇರಿಗೂ ಗಂಧ ಅಂಟಿಕೊಳ್ಳುತ್ತದೆ ಅನ್ನುವುದು ನಿಜ. ಅದನ್ನೇ ನೆಚ್ಚಿಕೊಂಡು ತುಂಬ ಜನ ಹೀಗೆ ಹಾಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಒಳ್ಳೆಯ ಜೋಡಿ ಅಲ್ಲ. ಹೆಬ್ಬೇವು ಎರಡೇ ವರ್ಷದಲ್ಲಿ ಗಂಧದ ತಲೆ ಮೇಲೆ ನೆರಳು ಹಾಕುತ್ತದೆ. ಎಂಟನೇ ವರ್ಷ ಅದನ್ನು ಕಡಿದಾಗ, ಚೇಗು ಕಟ್ಟುವ ಹೊತ್ತಿಗೆ ಸರಿಯಾಗಿ ಗಂಧ ಆಸರೆ ಕಳೆದುಕೊಳ್ಳುತ್ತದೆ. ಬೀಳುವ ಮರ ಗಂಧದ ಕೊಂಬೆ ಮುರಿಯುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ತಾಕಿನಲ್ಲಿ ಹಾಕಿ. ಜಾಗ ಕಡಿಮೆ ಇದ್ದರೆ ಹೆಬ್ಬೇವನ್ನು ಉತ್ತರದ ಅಂಚಿನ ಬದುವಿಗೆ ಕಳಿಸಿ. ಆಗ ಅದರ ನೆರಳು ವರ್ಷದ ಬಹುಪಾಲು ಹೊಲದ ಹೊರಗೇ ಬೀಳುತ್ತದೆ. ಪಕ್ಕದ ಹೊಲದವರ ಬೆಳೆಗೆ ತೊಂದರೆ ಆಗದಷ್ಟು ಒಳಗೆ ಸರಿಸಿ ನೆಡಿ.

ಗಂಧಕ್ಕೆ ಸಾಲಿನಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ ಹನ್ನೆರಡರಿಂದ ಹದಿನೈದು ಅಡಿ. ಮಧ್ಯದ ಜಾಗ ಆಸರೆ ಗಿಡಕ್ಕೆ. ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ಹೆಬ್ಬೇವಿಗೂ ಅಂತರ ಅಷ್ಟೇ, ಆದರೆ ಗುಂಡಿ ಎರಡಡಿ. ಹತ್ತಡಿಗಿಂತ ಹತ್ತಿರ ಹಾಕಿದರೆ ಹೆಬ್ಬೇವು ಸಣಕಲಾಗಿ ಎತ್ತರಕ್ಕೆ ಹೋಗುತ್ತದೆ, ಸುತ್ತಳತೆ ಬರುವುದಿಲ್ಲ. ಪ್ಲೈವುಡ್ ಕಾರ್ಖಾನೆಯವರು ದರ ಕಟ್ಟುವುದು ಸುತ್ತಳತೆ ನೋಡಿ, ಎತ್ತರ ನೋಡಿ ಅಲ್ಲ.

ಮಾರ್ಚ್–ಏಪ್ರಿಲ್‌ನಲ್ಲಿ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಇನ್ನೊಂದು ಕಡೆ ಹಾಕಿ. ತುಂಬುವಾಗ ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಮೊದಲು ಹಾಕಿ. ಹಸಿ ಗೊಬ್ಬರ ಗೆದ್ದಲನ್ನು ಕರೆಯುತ್ತದೆ.

## ಹಂತ 4: ಗಂಧಕ್ಕೆ ಆಸರೆ ಗಿಡ

ಸೋಲು ಹೆಚ್ಚಾಗಿ ಶುರುವಾಗುವುದು ಈ ಹಂತದಲ್ಲಿ. ಸಮಾಧಾನವಾಗಿ ಓದಿ.

ಗಂಧದ ಎಲೆ ಹಸಿರು, ಅದು ತನ್ನ ಆಹಾರವನ್ನು ತಾನೇ ತಯಾರಿಸುತ್ತದೆ. ಆದರೆ ನೀರು ಮತ್ತು ಲವಣಗಳಲ್ಲಿ ದೊಡ್ಡ ಪಾಲನ್ನು ಪಕ್ಕದ ಗಿಡದ ಬೇರಿನಿಂದ ಎಳೆದುಕೊಳ್ಳುತ್ತದೆ. ನರ್ಸರಿಯವರು ಹೋಸ್ಟ್ ಅನ್ನುವುದು ಈ ಪಕ್ಕದ ಗಿಡವನ್ನೇ. ಬೀಜದಲ್ಲಿದ್ದ ಶಕ್ತಿ, ಚೀಲದ ಗೊಬ್ಬರ ಇರುವ ತನಕ ಸಸಿ ಒಂಟಿಯಾಗಿಯೂ ಬದುಕುತ್ತದೆ. ಅದು ಮುಗಿದ ಮೇಲೆ ಹಳದಿಯಾಗುತ್ತದೆ. ನೀವು ನೀರು, ಯೂರಿಯಾ ಎಷ್ಟು ಕೊಟ್ಟರೂ ಆ ಕೊರತೆ ತುಂಬುವುದಿಲ್ಲ.

ಒಂದು ಆಸರೆ ಗಿಡ ಸಾಲದು. ಮೂರು ಬಗೆಯವು ಬೇಕು, ಅದೂ ಒಂದರ ಹಿಂದೆ ಒಂದು.

ಮೊದಲನೆಯದು ತಕ್ಷಣದ ಆಸರೆ. ತೊಗರಿ ಎಲ್ಲಕ್ಕಿಂತ ಸುಲಭ. ಗಂಧದ ಸಸಿಯಿಂದ ಅರ್ಧ ಅಡಿ ದೂರದಲ್ಲಿ ಎರಡು ಮೂರು ಕಾಳು ಊರಿ. ಮೊಳೆತ ಮೇಲೆ ಒಂದೋ ಎರಡೋ ಉಳಿಸಿ. ತೊಗರಿ ಬೇಗ ಎತ್ತರವಾಗುತ್ತದೆ. ಗಂಧದ ಮೇಲೆ ಬಾಗಿದರೆ ತುದಿ ಚಿವುಟಿ, ಬುಡಸಮೇತ ಕೀಳಬೇಡಿ. ತೊಗರಿ ಕೊಯ್ಲಾದ ಮೇಲೂ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಬಿಡಿ, ನೀರಿದ್ದರೆ ಮತ್ತೆ ಚಿಗುರುತ್ತದೆ.

ಎರಡನೆಯದು ನಡುವಿನ ಆಸರೆ. ತೊಗರಿ ಒಂದೆರಡು ವರ್ಷದಲ್ಲಿ ಸಾಯುತ್ತದೆ. ಅದು ಸಾಯುವ ಮುಂಚೆ ಇನ್ನೊಂದು ಗಿಡ ಬೇರು ಬಿಟ್ಟಿರಬೇಕು. ಅಗಸೆ ಮರ ಅಥವಾ ಗ್ಲಿರಿಸಿಡಿಯಾ ಈ ಕೆಲಸಕ್ಕೆ ಸರಿ. ಗಂಧ ನೆಟ್ಟ ದಿನವೇ ಮೂರ್ನಾಲ್ಕು ಅಡಿ ದೂರದಲ್ಲಿ ಇದನ್ನೂ ಹಾಕಿ. ವರ್ಷಕ್ಕೆ ಎರಡು ಸಲ ಸೊಪ್ಪು ಸವರಿ ಗಂಧದ ಬುಡಕ್ಕೇ ಮುಚ್ಚಿಗೆ ಮಾಡಿ.

ಮೂರನೆಯದು ಕೊನೆ ತನಕದ ಆಸರೆ. ಇದು ಗಂಧದಷ್ಟೇ ವರ್ಷ ನಿಲ್ಲುವ ಮರ ಆಗಿರಬೇಕು. ಸರ್ವೆ, ಹೊಂಗೆ, ನೆಲ್ಲಿ, ಸೀತಾಫಲ, ಕರಿಬೇವು ಇವುಗಳಲ್ಲಿ ನಿಮ್ಮ ಮಣ್ಣಿಗೆ ಹೊಂದುವುದನ್ನು ಆರಿಸಿ. ಎರಡು ಗಂಧದ ಮಧ್ಯೆ ಒಂದು ಬರುವ ಹಾಗೆ ನೆಡಿ. ಸೀತಾಫಲ, ನೆಲ್ಲಿ ನನಗೆ ಇಷ್ಟ. ಗಂಧದಿಂದ ಆದಾಯ ಬರುವ ತನಕ ಕಾಯುವ ರೈತನಿಗೆ ಹಣ್ಣಿನ ದುಡ್ಡು ಕೈಗೆ ಬರುತ್ತಿರಬೇಕು. ಆಸರೆ ಮರ ಗಂಧಕ್ಕಿಂತ ತುಂಬ ಎತ್ತರ ಹೋಗದ ಹಾಗೆ ಸವರುತ್ತಿರಿ.

ಬೇರು ಕೂಡಿಕೊಂಡಿದೆಯಾ ಅಂತ ಕಣ್ಣಾರೆ ನೋಡಬಹುದು. ನೆಟ್ಟು ಆರೆಂಟು ತಿಂಗಳಾದ ಮೇಲೆ, ಮಣ್ಣು ಹಸಿಯಾಗಿರುವ ದಿನ ಗಂಧ ಮತ್ತು ತೊಗರಿಯ ನಡುವೆ ಒಂದು ಗೇಣು ಜಾಗದಲ್ಲಿ ಬೆರಳಿನಿಂದ ಮೆಲ್ಲಗೆ ಮಣ್ಣು ಕೆದಕಿ. ಚೊಂಬಿನಿಂದ ನೀರು ಹೊಯ್ದು ಬೇರು ತೊಳೆಯಿರಿ, ಎಳೆಯಬೇಡಿ. ಗಂಧದ ತೆಳು ಬೇರು ತೊಗರಿ ಬೇರನ್ನು ಮುಟ್ಟುವಲ್ಲಿ ಬೆಳ್ಳಗಿನ ಚಿಕ್ಕ ಗಂಟೆಯಾಕಾರದ ಗುಬ್ಬಿ ಕಾಣುತ್ತದೆ. ಬಾಯಿ ಅಗಲ ಮಾಡಿ ಬೇರನ್ನು ಕಚ್ಚಿಕೊಂಡಿರುತ್ತದೆ. ಅದು ಕಂಡರೆ ಮಣ್ಣು ಮುಚ್ಚಿ ನಿಶ್ಚಿಂತೆಯಾಗಿ ಬನ್ನಿ. ಕಾಣದಿದ್ದರೆ ಆ ವಾರವೇ ಇನ್ನೊಂದು ಬದಿಯಲ್ಲಿ ತೊಗರಿ ಊರಿ.

## ಹಂತ 5: ನೆಡುವುದು

ಜೂನ್–ಜುಲೈನಲ್ಲಿ ಎರಡು ಹದ ಮಳೆ ಆದ ಮೇಲೆ ನೆಡಿ. ಮೊದಲ ಮಳೆಗೇ ಅವಸರ ಬೇಡ, ಮಧ್ಯೆ ಬಿಸಿಲು ಹೊಡೆದರೆ ಸಸಿ ಬಾಡುತ್ತದೆ. ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಮಣ್ಣಿನ ಹೆಂಟೆ ಒಡೆಯದ ಹಾಗೆ ಇಳಿಸಿ. ಚೀಲದಲ್ಲಿದ್ದ ಮಣ್ಣಿನ ಮಟ್ಟವೇ ನೆಲದ ಮಟ್ಟ ಆಗಬೇಕು. ಕಾಂಡಕ್ಕೆ ಮಣ್ಣು ಏರಿಸಿದರೆ ಬುಡ ಕೊಳೆಯುತ್ತದೆ. ಹೆಬ್ಬೇವಿಗೆ ಅವತ್ತೇ ಬಿದಿರು ಕೋಲು ಊರಿ, ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ.

## ಹಂತ 6: ನೀರು, ಗೊಬ್ಬರ, ಕಳೆ

ಗಂಧಕ್ಕೆ ಮೊದಲ ಎರಡು ಮೂರು ಬೇಸಿಗೆ ಮಾತ್ರ ಕೈಯಾರೆ ನೀರು. ವಾರಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ಕೊಟ್ಟರೆ ಸಾಕು. ಡ್ರಿಪ್ಪರ್ ಬುಡಕ್ಕೆ ತಾಗಿ ಇರಬಾರದು, ಒಂದಡಿ ದೂರ, ಆಸರೆ ಗಿಡದ ಕಡೆಗೆ ಇಡಿ. ಆಮೇಲೆ ವರ್ಷ ವರ್ಷ ಕಡಿಮೆ ಮಾಡುತ್ತ ಬನ್ನಿ. ಗೊಬ್ಬರ ಕೊಡುವುದಿದ್ದರೆ ಆಸರೆ ಗಿಡಕ್ಕೆ ಕೊಡಿ, ಗಂಧಕ್ಕೆ ಅದರ ಮೂಲಕ ಸಿಗುತ್ತದೆ.

ಹೆಬ್ಬೇವಿಗೆ ಮೊದಲ ಮೂರು ವರ್ಷ ನೀರು ತಪ್ಪಿಸಬೇಡಿ. ವರ್ಷಕ್ಕೊಮ್ಮೆ ಕೊಟ್ಟಿಗೆ ಗೊಬ್ಬರ ಹಾಕಿ. ಯೂರಿಯಾ ಸುರಿದರೆ ಕಾಂಡ ಮೆತ್ತಗೆ ಬೆಳೆದು ಮೇ ತಿಂಗಳ ಬಿರುಗಾಳಿಗೆ ನಡುವಿನಲ್ಲೇ ಮುರಿಯುತ್ತದೆ. ಡಿಸೆಂಬರ್ ಕಳೆದ ಮೇಲೆ ಎಲೆ ಉದುರಿ ಬೋಳಾಗುವುದು ಇದರ ಸಹಜ ಗುಣ. ಒಣಗಿತು ಅಂತ ಹೆದರಿ ಕಿತ್ತವರಿದ್ದಾರೆ. ಉಗುರಿನಿಂದ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ.

ಗಂಧದ ತಾಕಿನಲ್ಲಿ ಕಳೆನಾಶಕ ಹೊಡೆಯಲೇಬೇಡಿ. ಗಂಧದ ಬೇರು ಹುಲ್ಲಿಗೂ, ಸಣ್ಣ ಗಿಡಗಳಿಗೂ ಅಂಟಿಕೊಂಡಿರುತ್ತದೆ. ಬುಡದ ಸುತ್ತ ಬೇಸಾಯದ ನೇಗಿಲು, ರೋಟವೇಟರ್ ಕೂಡ ಬೇಡ. ಕುಡುಗೋಲಿನಲ್ಲಿ ಸವರಿದರೆ ಸಾಕು. ಹೆಬ್ಬೇವಿಗೆ ಇದಕ್ಕೆ ತದ್ವಿರುದ್ಧ: ಮೊದಲ ಎರಡು ವರ್ಷ ಸುತ್ತ ಮೂರಡಿ ನೆಲ ಚೊಕ್ಕಟವಾಗಿರಲಿ. ಸಾಲಿನ ಮಧ್ಯೆ ನೆಲಗಡಲೆ, ಅಲಸಂದೆ ಬೆಳೆಯಬಹುದು.

## ಹಂತ 7: ಸವರುವುದು

ಹೆಬ್ಬೇವಿನ ಎಳೆ ಸಸಿಯಲ್ಲಿ ಒಂದು ಎಲೆಯೇ ಎರಡು ಮೂರು ಅಡಿ ಉದ್ದ ಇರುತ್ತದೆ. ಅದರ ದಂಟಿನಿಂದ ಮತ್ತೆ ದಂಟು, ಅದಕ್ಕೆ ಚಿಕ್ಕ ಚಿಕ್ಕ ಎಲೆ. ನೋಡುವುದಕ್ಕೆ ಕೊಂಬೆಯ ಹಾಗೇ ಕಾಣುತ್ತದೆ. ಕೊಂಬೆ ಅಂದುಕೊಂಡು ಎಲೆಗಳನ್ನೇ ಸವರಿ ಸಸಿಯನ್ನು ಉಪವಾಸ ಕೆಡವುವವರು ತುಂಬ ಜನ. ದಂಟು ಕಾಂಡಕ್ಕೆ ಸೇರುವ ಕಂಕುಳನ್ನು ನೋಡಿ. ಅಲ್ಲೊಂದು ಪುಟ್ಟ ಮೊಗ್ಗು ಕೂತಿರುತ್ತದೆ. ಮುಂದೆ ಕೊಂಬೆ ಆಗುವುದು ಅದು. ಅದನ್ನು ಎಳೆಯದಾಗಿರುವಾಗಲೇ ಬೆರಳಿನಿಂದ ಚಿವುಟಿ. ದಂಟನ್ನು ಮುಟ್ಟಬೇಡಿ, ಅದು ಹಣ್ಣಾಗಿ ತಾನೇ ಉದುರುತ್ತದೆ.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸುತ್ತು ಹಾಕಿದರೆ ಕತ್ತರಿಯ ಕೆಲಸವೇ ಕಡಿಮೆ. ತುದಿಯ ಮೊಗ್ಗು ಮಾತ್ರ ಯಾವತ್ತೂ ಜೋಪಾನ. ಅದು ಮುರಿದು ಎರಡು ಚಿಗುರು ಬಂದರೆ ನೆಟ್ಟಗಿರುವ ಒಂದನ್ನು ಉಳಿಸಿ, ಇನ್ನೊಂದನ್ನು ತೆಗೆಯಿರಿ. ದಪ್ಪ ಆಗಿಹೋದ ಕೊಂಬೆಯನ್ನು ಎಲೆ ಉದುರಿದ ಕಾಲದಲ್ಲಿ ಗರಗಸದಿಂದ ಕತ್ತರಿಸಿ. ಮೊದಲು ಕೆಳಗಿನಿಂದ ಅರ್ಧ ಕೊಯ್ಯಿರಿ, ಆಮೇಲೆ ಮೇಲಿನಿಂದ. ಇಲ್ಲದಿದ್ದರೆ ಬೀಳುವಾಗ ಬೊಡ್ಡೆಯ ತೊಗಟೆ ಹರಿದುಕೊಂಡು ಬರುತ್ತದೆ. ಗಾಯಕ್ಕೆ ಬೋರ್ಡೋ ಪೇಸ್ಟ್ ಬಳಿಯಿರಿ: ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ಹತ್ತು ಲೀಟರ್. ಕಬ್ಬಿಣದ ಪಾತ್ರೆಯಲ್ಲಿ ಕಲಸಬೇಡಿ. ಬೊಡ್ಡೆ ಇಪ್ಪತ್ತು ಅಡಿ ನೆಟ್ಟಗೆ, ಗಂಟಿಲ್ಲದೆ ಬಂದರೆ ಸಾಕು. ಯಾವ ಹಂತದಲ್ಲೂ ಮೇಲಿನ ಅರ್ಧ ಭಾಗದ ಎಲೆ ಉಳಿದಿರಬೇಕು.

ಗಂಧಕ್ಕೆ ಈ ಉಪಚಾರ ಬೇಡ. ಬುಡದಿಂದ ಎರಡು ಕಾಂಡ ಬಂದಿದ್ದರೆ ಎರಡನೇ ವರ್ಷದೊಳಗೆ ಒಂದನ್ನು ಉಳಿಸಿ. ನೆಲಕ್ಕೆ ಜೋತುಬಿದ್ದ ಸಣ್ಣ ಕಡ್ಡಿಗಳನ್ನು ಒಣ ಹವೆಯಲ್ಲಿ ತೆಗೆಯಿರಿ. ಅಷ್ಟೇ. ಬೆರಳಿಗಿಂತ ದಪ್ಪದ ಕೊಂಬೆ ಕಡಿದರೆ ಆ ಗಾಯ ಕಾಂಡಕೊರಕ ಹುಳಕ್ಕೂ ಬೂಷ್ಟಿಗೂ ಬಾಗಿಲು.

## ಹಂತ 8: ಅಪಾಯದ ಸೂಚನೆ ಗುರುತಿಸಿ

ಗಂಧದಲ್ಲಿ ಹಳದಿ ಎಲೆ ಕಂಡ ಕೂಡಲೇ ಔಷಧಿ ಅಂಗಡಿಗೆ ಓಡಬೇಡಿ. ಇಡೀ ಗಿಡ ತಿಳಿ ಹಳದಿಯಾಗಿ, ಹೊಸ ಎಲೆ ಸಣ್ಣದಾಗಿ, ಬೆಳವಣಿಗೆ ನಿಂತಿದ್ದರೆ ಅದು ಆಸರೆ ಇಲ್ಲದ ಲಕ್ಷಣ. ಹಂತ 4ಕ್ಕೆ ಹಿಂತಿರುಗಿ. ಬುಡದ ತೊಗಟೆ ಕಪ್ಪಾಗಿ ಮೆತ್ತಗಾಗಿದ್ದರೆ ನೀರು ಜಾಸ್ತಿ. ಮಣ್ಣು ಸರಿಸಿ, ಬಸಿಗಾಲುವೆ ತೆಗೆಯಿರಿ.

ಎಲೆಗಳು ವರ್ಷ ವರ್ಷ ಕಿರಿದಾಗುತ್ತ, ಗಡುಸಾಗಿ ನೆಟ್ಟಗೆ ನಿಂತು, ಗೆಣ್ಣುಗಳ ನಡುವಿನ ಅಂತರ ಕುಗ್ಗಿ ಕೊಂಬೆ ಮುಳ್ಳು ಕಡ್ಡಿಯ ಹಾಗೆ ಆದರೆ ಅದು ಸ್ಪೈಕ್ ರೋಗ. ಇದು ಫೈಟೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿಯಿಂದ ಬರುತ್ತದೆ, ರಸ ಹೀರುವ ಕೀಟಗಳಿಂದ ಹರಡುತ್ತದೆ. ಇದಕ್ಕೆ ವಾಸಿ ಮಾಡುವ ಔಷಧಿ ಇಲ್ಲ. ಔಷಧಿ ಇದೆ ಅಂತ ಮಾರಲು ಬಂದವರನ್ನು ಕಳಿಸಿಬಿಡಿ. ಫೋಟೋ ತೆಗೆದು ಅರಣ್ಯ ಇಲಾಖೆಗೆ ಅಥವಾ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ತೋರಿಸಿ. ಖಚಿತವಾದರೆ, ಅನುಮತಿ ಪಡೆದು ಬೇರುಸಮೇತ ತೆಗೆಸಿ.

ಕಾಂಡದ ಮೇಲೆ ಪುಡಿ ಅಂಟಿದ ಬಲೆ ಕಂಡರೆ ತೊಗಟೆ ತಿನ್ನುವ ಹುಳ. ಬಲೆ ಕೆರೆದು, ತೂತಿಗೆ ತಂತಿ ತೂರಿಸಿ ಹುಳ ಕೊಲ್ಲಿ. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ, ಜೇಡಿಮಣ್ಣಿನಿಂದ ಮುಚ್ಚಿ.

ಹೆಬ್ಬೇವಿನ ಕಾಂಡ ಒಂದು ಕಡೆಗೆ ವಾಲುತ್ತಿದ್ದರೆ ಎಲ್ಲಿಂದಲೋ ನೆರಳು ಬೀಳುತ್ತಿದೆ. ನೆರಳು ತೆಗೆಯದೆ ಕೋಲು ಕಟ್ಟಿ ಪ್ರಯೋಜನ ಇಲ್ಲ.

ಎರಡಕ್ಕೂ ಬೆಂಕಿ ದೊಡ್ಡ ಶತ್ರು, ಗಂಧಕ್ಕಂತೂ ವಿಪರೀತ. ಜನವರಿಯಲ್ಲೇ ತಾಕಿನ ಸುತ್ತ ಹತ್ತಡಿ ಅಗಲ ಹುಲ್ಲು ಕೆತ್ತಿಸಿ.

## ಹಂತ 9: ಕಾಗದಪತ್ರ, ಕಾವಲು, ಕಟಾವು

2001ರ ಕಾನೂನು ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ನಿಮ್ಮ ಜಮೀನಿನ ಗಂಧದ ಮರಕ್ಕೆ ನೀವೇ ಮಾಲೀಕರು. ಆದರೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ರಹದಾರಿ ಬೇಕು. ಒಣಗಿ ಬಿದ್ದ ಮರಕ್ಕೂ ಇದೇ ನಿಯಮ ಅಂತಲೇ ತಿಳಿದು ನಡೆದುಕೊಳ್ಳಿ. ನೆಟ್ಟ ವರ್ಷವೇ ಮರಗಳ ಸಂಖ್ಯೆಯನ್ನು ಪಹಣಿಯಲ್ಲಿ ಬರೆಸಿ. ಸಸಿ ಕೊಂಡ ರಸೀದಿ ಜೋಪಾನವಾಗಿಡಿ. ಇಪ್ಪತ್ತು ವರ್ಷದ ನಂತರ ಅದೇ ಸಾಕ್ಷಿ.

ಕಳ್ಳರ ಕಾಟ ಚೇಗು ಕಟ್ಟುವ ವಯಸ್ಸಿಗೆ ಶುರುವಾಗುತ್ತದೆ. ಅವರು ಕಾಂಡಕ್ಕೆ ತೂತು ಕೊರೆದು ಚೇಗು ಇದೆಯಾ ಅಂತ ಮೊದಲು ನೋಡಿ ಹೋಗುವುದುಂಟು. ಹೊಸ ತೂತು, ಬುಡದಲ್ಲಿ ಮರದ ಪುಡಿ ಕಂಡರೆ ಅವತ್ತೇ ಪೊಲೀಸರಿಗೆ, ಅರಣ್ಯ ಇಲಾಖೆಗೆ ಬರೆದುಕೊಡಿ. ಹೊಲದಲ್ಲೇ ಮನೆ ಇಲ್ಲದವರು ಎಕರೆಗಟ್ಟಲೆ ಗಂಧ ಹಾಕುವ ಮುಂಚೆ ಕಾವಲಿನ ಖರ್ಚನ್ನು ಲೆಕ್ಕ ಹಾಕಲೇಬೇಕು. ಇಂಥವರಿಗೆ ನಾನು ಹೆಬ್ಬೇವನ್ನೇ ಹೇಳುತ್ತೇನೆ.

ಗಂಧವನ್ನು ಕಡಿಯುವುದಲ್ಲ, ಬೇರುಸಮೇತ ಅಗೆದು ತೆಗೆಯುವುದು. ಬೇರನ್ನು ನೆಲದಲ್ಲಿ ಬಿಟ್ಟರೆ ಎಣ್ಣೆ ಬಿಟ್ಟ ಹಾಗೆ. ಚೇಗು, ಬೇರು, ಬಿಳಿ ಮರ ಬೇರೆ ಬೇರೆಯಾಗಿ ತೂಗುತ್ತವೆ, ಬೆಲೆಯೂ ಬೇರೆ.

ಹೆಬ್ಬೇವಿಗೆ ಗಂಧದಷ್ಟು ಕಟ್ಟುಪಾಡಿಲ್ಲ. ಆದರೂ ಕಡಿಯುವ ಮುಂಚೆ ವಲಯ ಕಚೇರಿಯಲ್ಲಿ ಒಂದು ಮಾತು ಕೇಳಿ. ಕೊಳ್ಳುವವರನ್ನು ಮೊದಲು ಗೊತ್ತು ಮಾಡಿಕೊಳ್ಳಿ, ಅವರಿಗೆ ಯಾವ ಉದ್ದದ ತುಂಡು ಬೇಕು ಅಂತ ಬರೆದುಕೊಳ್ಳಿ, ಆಮೇಲೆ ಗರಗಸ ಹಿಡಿಯಿರಿ. ತುಂಡು ಹಸಿಯಾಗಿರುವಾಗಲೇ ಕಾರ್ಖಾನೆ ಸೇರಬೇಕು. ಬಿಸಿಲಿನಲ್ಲಿ ಒಂದು ವಾರ ಬಿದ್ದರೆ ತುದಿ ಸೀಳು ಬಿಡುತ್ತದೆ, ಪ್ಲೈವುಡ್ ದರದ ಮರ ಸೌದೆ ದರಕ್ಕೆ ಇಳಿಯುತ್ತದೆ. ಲಾರಿ ಬರುವುದು ತಡವಾದರೆ ತುಂಡುಗಳನ್ನು ನೆರಳಿಗೆ ಎಳೆದು, ತುದಿಗಳಿಗೆ ಒದ್ದೆ ಗೋಣಿಚೀಲ ಹೊದಿಸಿ.